ಅತ್ತೆಯ ಉಸಿರು, ಅಳಿಯನ ಪ್ರೀಆಂಪ್

ನಮ್ಮ ಮನೆಯವರಿಗೆ ಸದ್ದು ಆಗಿಬರುವುದಿಲ್ಲ. ಮಾತು ಆಗುತ್ತದೆ, ಹಾಡು ಆಗುತ್ತದೆ, ನನ್ನ ಬೈಗುಳವೂ ಹೇಗೋ ಆಗುತ್ತದೆ. ಆದರೆ ಇವೆಲ್ಲದರ ಬೆನ್ನ ಹಿಂದೆ ಗುಂಯ್ ಅಂತಲೋ ಸುಯ್ ಅಂತಲೋ ಒಂದೇ ಸಮ ಕೊರೆಯುತ್ತಿರುವ ಸದ್ದೊಂದು ಇರುತ್ತದಲ್ಲ, ನಾವೆಲ್ಲ ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಸದ್ದು, ಅದು ಇವರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತವರು ಥಟ್ಟನೆ ಎದ್ದುಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತು ಬಂದು, "ಈಗ ನೋಡು, ಊಟ ರುಚಿಯಾಗಿದೆ" ಅಂದರು. ಹೊಸ ಗಂಡ, ಏನನ್ನುವುದು? ಹಾಲು ಒಡೆದು ಹೋದಮೇಲೆ ಮಾತ್ರ ಅನ್ನುವುದನ್ನೆಲ್ಲ ಅಂದೆ. ನಮ್ಮ ಗೋಡೆ ಗಡಿಯಾರಕ್ಕೆ ಇವತ್ತಿಗೂ ಸೆಲ್ ಹಾಕುವ ಹಾಗಿಲ್ಲ. ಗೋಡೆಗೆ ಒಂದು ಲಕ್ಷಣ ಇರಲಿ ಅಂತ ತೂಗುಹಾಕಿದ್ದೇವೆ.

ಬೀದಿಯವರು ಇವರಿಗೆ ಇಟ್ಟ ಹೆಸರು ಗುಂಯ್ ಡಾಕ್ಟರು. ಬಾಡಿಗೆ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಇವರ ಅಂಗಡಿ. ಕೂತು ಕಾಲು ಚಾಚಿದರೆ ಪಾದ ರಸ್ತೆಗೆ ಬರುತ್ತದೆ. ಸಭಾಂಗಣದ ಸ್ಪೀಕರು, ಶಾಲೆಯ ಮೈಕು, ಯಾರದೋ ಮನೆಯ ಹಳೇ ರೇಡಿಯೋ, ಯಾವುದು ಗುಂಯ್‌ಗುಟ್ಟಿದರೂ ಅಲ್ಲಿಗೆ ಬರುತ್ತದೆ. ಇವರು ಹಿಂಬದಿಯ ತಗಡು ಬಿಚ್ಚಿ, ತಲೆ ಓರೆ ಮಾಡಿಕೊಂಡು ಕಿವಿಗೊಟ್ಟು ಕೂರುತ್ತಾರೆ. ಮುಟ್ಟುವುದು ಆಮೇಲೆ. ಸದ್ದು ಕೇಳಿಯೇ ತಂತಿ ಎಲ್ಲಿ ಸಡಿಲವಾಗಿದೆ ಅಂತ ಹೇಳುತ್ತಾರೆ, ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ಹಾಗಾಗಿ ಕಿವಿಯ ವಿಷಯದಲ್ಲಿ ಇವರಿಗೆ ಸ್ವಲ್ಪ ಜಂಬ. ಸ್ವಲ್ಪ ಅಂದದ್ದು ನಾನು ಹೆಂಡತಿಯಾದ್ದರಿಂದ.

ಬೇರೆಯವರ ಗುಂಯ್ ತೆಗೆದು ತೆಗೆದು ಸಾಕಾಗಿ, ಸದ್ದೇ ಇಲ್ಲದ ಒಂದು ಯಂತ್ರವನ್ನು ತಾವೇ ಮಾಡಬೇಕು ಅನ್ನುವ ಹುಚ್ಚು ಇವರಿಗೆ ಹಿಡಿಯಿತು. ಆಗ ಎಲ್ಲರೂ ಮನೆಯಲ್ಲೇ ರೆಕಾರ್ಡಿಂಗ್ ಮಾಡಲು ಶುರುಮಾಡಿದ್ದರು. ಹಾಡುವವರು ಬೀರುವಿನ ಬಾಗಿಲು ತೆರೆದು ಬಟ್ಟೆಗಳ ಮಧ್ಯೆ ತಲೆ ತೂರಿಸಿ ಹಾಡುತ್ತಿದ್ದರು, ಪಾಠ ಹೇಳುವವರು ಕಂಬಳಿ ಹೊದ್ದು ಪಾಠ ಹೇಳುತ್ತಿದ್ದರು. ಎಲ್ಲರದೂ ಒಂದೇ ದೂರು: ಹಿಂದೆ ಸುಯ್ ಅನ್ನುತ್ತದೆ.

ಅದು ಯಾಕೆ ಅಂತ ಇವರು ನನಗೆ ಎಷ್ಟು ಸಲ ವಿವರಿಸಿದ್ದಾರೆಂದರೆ ನಾನೇ ಈಗ ಪಾಠ ಮಾಡಬಲ್ಲೆ. ಮೈಕಿನಿಂದ ಹೊರಡುವ ದನಿ ತೀರಾ ಸಣ್ಣದು. ರೆಕಾರ್ಡ್ ಆಗಬೇಕಾದರೆ ಅದನ್ನು ಮೊದಲು ದೊಡ್ಡದು ಮಾಡಬೇಕು. ಆ ಕೆಲಸ ಮಾಡುವ ಡಬ್ಬಿಯೇ ಪ್ರೀಆಂಪ್. ತೊಂದರೆ ಏನೆಂದರೆ ಡಬ್ಬಿಯೊಳಗಿನ ಪ್ರತಿಯೊಂದು ಭಾಗವೂ ಕೂತಲ್ಲೇ ತಾನೂ ಒಂಚೂರು ಸುಯ್ ಅನ್ನುತ್ತಿರುತ್ತದೆ. ದನಿಯನ್ನು ಎತ್ತಿದಾಗ ಆ ಸುಯ್ ಕೂಡ ಜೊತೆಗೇ ಎದ್ದು ಬರುತ್ತದೆ. ಅದಕ್ಕೆ ದನಿಯನ್ನು ಮೊದಲು ಎತ್ತುವ ಬಿಡಿಭಾಗ, ಅಂದರೆ ಮೊದಲ ಟ್ರಾನ್ಸಿಸ್ಟರ್, ಬಹಳ ಸಾಧು ಆಗಿರಬೇಕು. ಸೊಸೆ ಆರಿಸುವವರೂ ಅಷ್ಟು ಹುಡುಕುವುದಿಲ್ಲ, ಇವರು ಅಷ್ಟು ಹುಡುಕಿದರು. ರಾಶಿ ಟ್ರಾನ್ಸಿಸ್ಟರ್ ತಂದು ಒಂದೊಂದನ್ನೇ ಕೂರಿಸಿ, ಹೆಡ್‌ಫೋನ್ ಹಾಕಿ ಕೇಳಿ, ಪಕ್ಕಕ್ಕೆ ಎಸೆದರು. ರೆಸಿಸ್ಟರ್ ಬದಲಾಯಿಸಿದರು. ಕರೆಂಟಿನ ಗುಂಯ್ ತಾಗದಿರಲಿ ಅಂತ ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಗೆ ಹಾಕಿದರು. ನನ್ನ ಎರಡು ಬಿಸ್ಕತ್ತಿನ ಡಬ್ಬಿಗಳು ಹೀಗೆ ಕೈಬಿಟ್ಟು ಹೋದವು.

ಯಂತ್ರ ಎಷ್ಟು ಮೌನವಾಗಿದೆ ಅಂತ ಅಳೆಯಲು ಇವರ ಹತ್ತಿರ ಒಂದು ಪಿನ್ ಇತ್ತು. ಅದರೊಳಗಿನ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಬೆಸೆದಿದ್ದರು. ಮೈಕು ಚುಚ್ಚುವ ಜಾಗಕ್ಕೆ ಅದನ್ನು ಚುಚ್ಚಿದರೆ ಹೊರಗಿನಿಂದ ಏನೂ ಬರುವುದಿಲ್ಲ, ಕೇಳಿಸುವುದೆಲ್ಲ ಯಂತ್ರದ ಸ್ವಂತ ಸದ್ದು. ಇವರು ಅದನ್ನು ಮೂಕ ಪಿನ್ ಅಂತ ಕರೆಯುತ್ತಿದ್ದರು. ಒಂದು ಸಂಜೆ ಮೂಕ ಪಿನ್ ಚುಚ್ಚಿ, ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿ, "ಏನು ಕೇಳುತ್ತೆ?" ಅಂದರು.

"ಏನೂ ಇಲ್ಲ. ಆನ್ ಮಾಡಿದ್ದೀರಾ?"

ನಾನು ತಮಾಷೆಗೆ ಕೇಳಿದ್ದಲ್ಲ. ಆದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆ ವಾರವೆಲ್ಲ ನೆಲ ಮುಟ್ಟದೆ ಓಡಾಡಿದರು.

ಮೊದಲ ಯಂತ್ರ ಕೊಟ್ಟದ್ದು ನಮ್ಮಮ್ಮನಿಗೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ, ಅಪ್ಪನೂ ಹೋದ ಮೇಲೆ, ನಮ್ಮ ಜೊತೆಗೇ ಬಂದಳು. ಅವಳ ದನಿ ಅಂದರೆ ದನಿ. ಮುಖ ನೋಡದವರೂ ಆ ದನಿಗೆ ಮರ್ಯಾದೆ ಕೊಡುತ್ತಿದ್ದರಂತೆ. ಮನೆಯಲ್ಲಿ ಸುಮ್ಮನೆ ಕೂತು ಬೇಸರ ಬಂದಾಗ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಒಂದು ಧ್ವನಿ ಪುಸ್ತಕಾಲಯಕ್ಕೆ ಸೇರಿಕೊಂಡಳು. ಮನೆಯಲ್ಲೇ ಓದಿ ಕಳಿಸಿದರೆ ಸಾಕು. ಎಕ್ಸ್‌ಚೇಂಜಿನವರು ಬೀಳ್ಕೊಡುವಾಗ ತಮಾಷೆಗೆಂದು ಕೊಟ್ಟಿದ್ದ, ಪ್ರಕಟಣೆ ಹೇಳುವ ಹಳೇ ದಪ್ಪತಲೆಯ ಮೈಕು ಅವಳ ಹತ್ತಿರ ಇತ್ತು. ಓದಿದರೆ ಅದರಲ್ಲೇ ಓದುವುದು ಅಂತ ಅವಳ ಹಟ. ಒಂದು ದಪ್ಪ ಕಾದಂಬರಿ ಹಿಡಿದಳು. ಮಧ್ಯಾಹ್ನ ಊಟವಾದ ಮೇಲೆ ಅವಳ ಕೋಣೆಯ ಬಾಗಿಲು ಮುಚ್ಚಿದರೆ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ. ಗಂಡನ ಜೊತೆ ಅಮ್ಮನೂ ಸೇರಿಕೊಂಡಳು, ನಾನು ಎಲ್ಲಿ ಸಾಯಲಿ ಅಂತ ಗೊಣಗುತ್ತಿದ್ದೆ. ಆದರೆ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದವಳೂ ನಾನೇ.

ಇಲ್ಲಿ ಅತ್ತೆ ಅಳಿಯಂದಿರ ವಿಷಯ ಹೇಳಬೇಕು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ವಿಪರೀತ ಮರ್ಯಾದೆ. ಬಾಗಿಲಲ್ಲಿ ಎದುರಾದರೆ ಇವರು ಹಿಂದೆ ಸರಿಯುತ್ತಾರೆ, ಅವಳೂ ಹಿಂದೆ ಸರಿಯುತ್ತಾಳೆ, ಯಾರೂ ಒಳಗೆ ಬರುವುದಿಲ್ಲ. ನೇರ ಮಾತು ಕಡಿಮೆ. ಅಮ್ಮ ಎದುರಿಗೇ ಕೂತಿದ್ದರೂ ಇವರು ನನಗೆ, "ಅತ್ತೆಗೆ ಕಾಫಿ ಬೇಕಾ ಕೇಳು" ಅನ್ನುತ್ತಾರೆ. ಅವಳು ನನಗೆ, "ಅಳಿಯಂದಿರು ಕುಡಿದರೆ ನನಗೂ ಇರಲಿ ಅಂತ ಹೇಳು" ಅನ್ನುತ್ತಾಳೆ. ನಾನು ನಡುವೆ ಆಪರೇಟರ್. ಆ ಕೆಲಸ ಅವಳು ಬಿಟ್ಟಳು, ನನಗೆ ಅಂಟಿತು.

ಓದು ಶುರುವಾಗಿ ಮೊದಲ ಭಾಗ ಕಳಿಸಿದ ಮೇಲೆ ಪುಸ್ತಕಾಲಯ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ಓದು ಬಹಳ ಚೆನ್ನಾಗಿದೆ, ಆದರೆ ಹಿಂದೆ ಒಂದೇ ಸಮ ಸುಯ್ ಅನ್ನುತ್ತಿದೆ, ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಕೇಳುವವರಿಗೆ ತಲೆ ನೋಯುತ್ತದೆ, ಸರಿ ಮಾಡಿಕೊಂಡು ಇನ್ನೊಮ್ಮೆ ಓದುವುದಕ್ಕೆ ಆಗುತ್ತದಾ, ಅಂದರು.

ಇವರ ಮುಖ ಕೆಂಪಗಾಯಿತು. ನನ್ನ ಯಂತ್ರದಲ್ಲಿ ಸುಯ್? ಹೆಡ್‌ಫೋನ್ ಹಿಡಿದುಕೊಂಡು ಅಮ್ಮನ ಕೋಣೆಗೆ ಹೋದರು. ಅಳಿಯಂದಿರು ಬಂದರು ಅಂತ ಅಮ್ಮ ಎದ್ದು ಮಂಚದ ಅಂಚಿಗೆ ಕೂತಳು. ಕೈ ತೊಡೆಯ ಮೇಲೆ, ಬೆನ್ನು ನೆಟ್ಟಗೆ. ಇವರು ಮೈಕು ಕಿತ್ತು ಮೂಕ ಪಿನ್ ಚುಚ್ಚಿದರು: ಮೌನ. ಮೈಕು ಚುಚ್ಚಿದರು: ಸುಯ್. ಮೈಕನ್ನು ಅಂಗಡಿಗೆ ಒಯ್ದು ಅಲ್ಲಿನ ಹಳೇ ಆಂಪ್ಲಿಫೈಯರಿಗೆ ಹಾಕಿ ನೋಡಿದರು: ಸುಯ್ ಇಲ್ಲ. ಅಂಗಡಿಯ ಹೊಸ ಮೈಕನ್ನು ತಮ್ಮ ಇನ್ನೊಂದು ಪ್ರೀಆಂಪಿಗೆ ಹಾಕಿದರು: ಸುಯ್ ಇಲ್ಲ. ವಾಪಸ್ ಬಂದು ಅಮ್ಮನ ಮೈಕನ್ನು ಅಮ್ಮನ ಯಂತ್ರಕ್ಕೆ ಹಾಕಿದರು. ಸುಯ್.

ಯಂತ್ರ ಸರಿ. ಮೈಕು ಸರಿ. ಹಾಗಾದರೆ ಉಳಿದದ್ದು ಏನು? ಇವರ ಕಣ್ಣು ನಿಧಾನಕ್ಕೆ ಅಮ್ಮನ ಕಡೆ ತಿರುಗಿತು. ಅಮ್ಮ ಸ್ವಲ್ಪ ದಪ್ಪ. ಇವರು ಅಂಗಡಿಗೆ ಹೋಗಿದ್ದಾಗ ಕೆಳಗಿನ ಮನೆಗೆ ಹೋಗಿ ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದಳು. ಕೇಳಿದರೆ ಉಸಿರು ಕೇಳುತ್ತಿತ್ತು, ನಿಜ.

ಇವರು ನನ್ನ ಕಡೆ ನೋಡಿ ಹೇಳಿದರು: "ಅತ್ತೆಯ ಉಸಿರು ಸ್ವಲ್ಪ ಜೋರು ಅನ್ಸುತ್ತೆ. ಈ ಯಂತ್ರ ಏನನ್ನೂ ಬಿಡಲ್ಲ ನೋಡು, ಅದನ್ನೇ ಹಿಡೀತಿದೆ."

ಅಮ್ಮನೂ ನನ್ನ ಕಡೆ ನೋಡಿಯೇ ಹೇಳಿದಳು: "ನಿಜ ಕಣೇ. ನನಗೂ ಹಾಗೇ ಅನ್ನಿಸ್ತಿತ್ತು."

ಅವಳಿಗೆ ಹಾಗೇನೂ ಅನ್ನಿಸಿರಲಿಲ್ಲ. ಅಳಿಯಂದಿರ ಮಾತು ಬಿದ್ದುಹೋಗಬಾರದು ಅಂತ ಎತ್ತಿ ಹಿಡಿದಳು, ಅಷ್ಟೇ. ನಾನು ಹೂಂ ಅಂದೆ. ಉಸಿರು ಬರುತ್ತದೆ, ಹೋಗುತ್ತದೆ. ಈ ಸದ್ದು ಬಂದದ್ದು ಹೋಗುತ್ತಲೇ ಇರಲಿಲ್ಲ. ಅಷ್ಟು ಯೋಚಿಸುವ ಬುದ್ಧಿ ನಮ್ಮ ಮೂವರಲ್ಲಿ ಯಾರಿಗೂ ಬರಲಿಲ್ಲ. ಕೋಣೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಕೇಳಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಅತ್ತೆಯನ್ನು, ಸ್ವಲ್ಪ ಹೊರಗೆ ಹೋಗಿ, ಅಂತ ಅವಳದೇ ಕೋಣೆಯಿಂದ ಎಬ್ಬಿಸುವ ಅಳಿಯ ಇವರಲ್ಲ. ಅಳಿಯಂದಿರು ನಿಂತು ಕೆಲಸ ಮಾಡುತ್ತಿರುವಾಗ ಎದ್ದು ಹೋಗುವ ಅತ್ತೆ ಅವಳೂ ಅಲ್ಲ. ಹಾಗಾಗಿ ಇವರು ಎಷ್ಟು ಸಲ ಪರೀಕ್ಷೆ ಮಾಡಿದರೋ ಅಷ್ಟು ಸಲವೂ ಅಮ್ಮ ಅಲ್ಲೇ ಮಂಚದ ಮೇಲೆ ಉಸಿರಾಡುತ್ತ ಕೂತಿದ್ದಳು.

ಅಮ್ಮ ಮತ್ತೆ ಓದಲು ನೋಡಿದಳು. ಮೈಕಿನಿಂದ ದೂರ ಕೂತಳು. ಆಗ ದನಿ ಸಣ್ಣದಾಯಿತು, ಯಂತ್ರದ ಗುಂಡಿ ತಿರುಗಿಸಿ ಜೋರು ಮಾಡಿದರೆ ಸುಯ್ ಕೂಡ ಜೋರಾಯಿತು. ಉಸಿರು ಬಿಗಿಹಿಡಿದು ಒಂದೊಂದು ಸಾಲು ಓದಿದಳು. ಬಾಗಿಲ ಹೊರಗೆ ನಿಂತ ನನಗೆ, ನೀರಿನಲ್ಲಿ ಮುಳುಗಿ ಎದ್ದು ಮುಳುಗಿ ಎದ್ದು ಮಾತಾಡುವವಳ ಹಾಗೆ ಕೇಳುತ್ತಿತ್ತು. ಪುಸ್ತಕಾಲಯದಿಂದ ಅದೂ ವಾಪಸ್ ಬಂತು. ಆಮೇಲೆ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ತೆರೆದೇ ಇತ್ತು.

"ಓದಲ್ವೇನಮ್ಮ?"

"ಸಾಕು ಬಿಡೇ. ಪಾಪ, ಕೇಳೋರಿಗೆ ಯಾಕೆ ತಲೆನೋವು. ನೀನು ಮಿಕ್ಸಿ ಹಾಕ್ಕೋ."

ಕಾದಂಬರಿಯ ಹುಡುಗಿ ಯಾರದೋ ಮನೆಯ ಬಾಗಿಲು ತಟ್ಟಿ ನಿಂತಿದ್ದಳು. ಅಲ್ಲೇ ನಿಂತುಬಿಟ್ಟಳು. ಸುಯ್ ಜೊತೆಗೇ ಮೊದಲ ಭಾಗ ಕೇಳಿದವರು ಮುಂದೇನಾಯಿತು ಅಂತ ಕೇಳುತ್ತಿದ್ದಾರೆ ಅಂತ ಮೇಡಂ ಒಂದು ಸಲ ಫೋನಿನಲ್ಲಿ ಹೇಳಿದರು. ಅಮ್ಮ, ಬೇರೆ ಯಾರಿಗಾದರೂ ಕೊಡಿ, ಅಂದಳು. ಹಾಗೆ ಹೇಳುವಾಗ ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದಿದ್ದಳು. ಜೀವಮಾನವೆಲ್ಲ ಫೋನಿನಲ್ಲಿ ಮಾತಾಡಿದವಳು! ಆಮೇಲೆ ಗಮನಿಸಿದೆ, ಊಟಕ್ಕೆ ಕೂತಾಗ ಮೇಜಿನ ಆ ತುದಿಗೆ ಹೋಗುತ್ತಿದ್ದಳು. ಯಾರಾದರೂ ಮನೆಗೆ ಬಂದರೆ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದಳು. ವಯಸ್ಸಾಯಿತು, ಇನ್ನೇನು ಮಾಡುವುದು ಅಂದುಕೊಂಡೆ.

ಇವರು ಆ ಕಡೆ ಅಂಗಡಿಯಲ್ಲಿ, ನನ್ನ ಯಂತ್ರ ಎಷ್ಟು ಸೂಕ್ಷ್ಮ ಅಂದ್ರೆ ನಮ್ಮ ಅತ್ತೆಯ ಉಸಿರನ್ನೂ ಬಿಡಲಿಲ್ಲ, ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮಾವನ ಮನೆಯವರನ್ನು ಆಡಿಕೊಳ್ಳುವ ಸ್ವಭಾವ ಇವರದಲ್ಲ. ಯಂತ್ರದ ಮೇಲಿನ ಮೋಹ ಆಡಿಸುತ್ತಿತ್ತು.

ಒಂದು ದಿನ ಅಮ್ಮ ಕನ್ನಡಕ ಬದಲಾಯಿಸಲು ಹೋಗಿದ್ದಾಗ ನಾನು ಅವಳ ಕೋಣೆ ಗುಡಿಸಿ ಒರೆಸಲು ಹೋದೆ. ಯಂತ್ರದ ಮೇಲೆ ಧೂಳು ಕೂತಿತ್ತು. ಒರೆಸುವಾಗ ಸ್ವಿಚ್ಚಿಗೆ ಕೈ ತಾಗಿ ದೀಪ ಹತ್ತಿತು. ಹೆಡ್‌ಫೋನ್ ಪಕ್ಕದಲ್ಲೇ ಇತ್ತು. ಏನನ್ನಿಸಿತೋ, ಹಾಕಿಕೊಂಡೆ.

ಸುಯ್.

ಮೊದಲು ನನ್ನದೇ ಉಸಿರು ಅಂದುಕೊಂಡೆ. ಅಮ್ಮನ ಮಗಳಲ್ಲವೇ. ಮೂಗು ಹಿಡಿದುಕೊಂಡು, ಬಾಯಿ ಮುಚ್ಚಿ, ಕಣ್ಣಲ್ಲಿ ನೀರು ಬರುವ ತನಕ ನಿಂತೆ. ಸುಯ್ ಹಾಗೇ ಇತ್ತು. ಆಮೇಲೆ ಇವರ ಉದ್ದನೆಯ ತಂತಿಯೊಂದನ್ನು ಹುಡುಕಿ ತಂದು ಹೆಡ್‌ಫೋನಿಗೆ ಸಿಕ್ಕಿಸಿ, ಹೊರಗೆ ಬಂದು ಬಾಗಿಲು ಮುಚ್ಚಿ, ಹಜಾರದಲ್ಲಿ ಪೊರಕೆ ಹಿಡಿದುಕೊಂಡೇ ನಿಂತು ಕೇಳಿದೆ. ಒಳಗೆ ಒಂದು ನೊಣವೂ ಇರಲಿಲ್ಲ. ಸುಯ್, ಸುಯ್, ಒಂದೇ ಸಮ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪೊರಕೆ ಅಲ್ಲೇ ಎಸೆದು ಅಂಗಡಿಗೆ ಹೋದೆ. ಇವರು ಯಾವುದೋ ಸ್ಪೀಕರಿನ ಒಳಗೆ ತಲೆ ಹಾಕಿದ್ದರು.

"ಮನೆಗೆ ಬನ್ನಿ. ಅಮ್ಮ ಇಲ್ಲ, ಆದ್ರೆ ಅವಳ ಉಸಿರು ಇದೆ. ಬಂದು ಕೇಳಿ."

ಬಂದು ಕೇಳಿದರು. ನಾನು ಮಾಡಿದ ಹಾಗೇ ಹೊರಗೆ ನಿಂತು, ಮುಚ್ಚಿದ ಬಾಗಿಲನ್ನು ನೋಡುತ್ತಾ ಕೇಳಿದರು. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಯಂತ್ರ, ಮೈಕು ಎರಡನ್ನೂ ಎತ್ತಿಕೊಂಡು ಅಂಗಡಿಗೆ ಹೋದರು. ಊಟಕ್ಕೂ ಬರಲಿಲ್ಲ.

ಸಂಜೆ ಬಂದವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದರು. ತಪ್ಪು ಮೂಕ ಪಿನ್ನಿನದಂತೆ. ಅದರಲ್ಲಿ ಕರೆಂಟಿಗೆ ತಡೆಯೇ ಇಲ್ಲ, ಅದರ ಜೊತೆ ಇವರ ಸಾಧು ಟ್ರಾನ್ಸಿಸ್ಟರ್ ಸುಮ್ಮನಿರುತ್ತದೆ. ಅಂಗಡಿಯ ಹೊಸ ಮೈಕಿನಲ್ಲೂ ತಡೆ ಕಡಿಮೆ, ಅದರ ಜೊತೆಯೂ ಸುಮ್ಮನಿರುತ್ತದೆ. ಅಮ್ಮನ ಹಳೇ ಮೈಕಿನಲ್ಲಿ ತಡೆ ಬಹಳ ಹೆಚ್ಚು. ಅಂಥ ಮೈಕು ಸಿಕ್ಕರೆ ಅದೇ ಟ್ರಾನ್ಸಿಸ್ಟರ್ ತಾನೇ ಸುಯ್‌ಗುಡಲು ಶುರುಮಾಡುತ್ತದೆ. ಮೈಕು ಬೇರೆಯಾಗಿ ಸರಿ, ಯಂತ್ರ ಬೇರೆಯಾಗಿ ಸರಿ, ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಜಗಳ.

"ಇದು ಈ ಕೆಲಸ ಕಲಿಯೋರಿಗೆ ಮೊದಲೇ ಗೊತ್ತಿರಬೇಕಾದ ವಿಷಯ" ಅಂದರು. "ಉಸಿರು ಅಂದ್ರೆ ಏರಿಳಿಯುತ್ತೆ. ಇದು ಒಂದೇ ಸಮ ಇತ್ತು. ಕಿವಿ ಇಟ್ಕೊಂಡು ಬದುಕೋನು ನಾನು, ನನಗೆ ಅದು ಕೇಳಲಿಲ್ಲ."

"ಅಮ್ಮನಿಗೆ ಹೇಳಿ."

"ಹೇಳ್ತೀನಿ. ಮೊದಲು ಸರಿ ಮಾಡ್ತೀನಿ, ಆಮೇಲೆ ಹೇಳ್ತೀನಿ."

ಸರಿ ಮಾಡಿದರು. ಬೇರೆ ಜಾತಿಯ ಟ್ರಾನ್ಸಿಸ್ಟರ್ ಹಾಕಿದರು, ಸುತ್ತಲಿನ ರೆಸಿಸ್ಟರುಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿದರು. ಈ ಸಲ ಮೂಕ ಪಿನ್ ಮುಟ್ಟಲಿಲ್ಲ, ಅಮ್ಮನ ಮೈಕನ್ನೇ ಚುಚ್ಚಿ, ಅದಕ್ಕೆ ನಾಕು ಮಡಿಕೆ ಕಂಬಳಿ ಸುತ್ತಿ, ಅಂಗಡಿಯ ಬಾಗಿಲೆಳೆದುಕೊಂಡು ಕೇಳಿದರು. ಆಗ ನಿಜಕ್ಕೂ ಮೌನ ಇತ್ತು. ಅಂಥ ಯಂತ್ರ ಇವರು ಅದಕ್ಕೆ ಮೊದಲು ಮಾಡಿರಲಿಲ್ಲ, ಆದರೆ ಸಂತೋಷ ಪಟ್ಟದ್ದು ನಾನು ಕಾಣೆ. ಮನೆಯಲ್ಲಿ ಅಮ್ಮ ಹಜಾರಕ್ಕೆ ಬಂದರೆ ಇವರು ಬಚ್ಚಲುಮನೆಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ಇವರಷ್ಟು ಸ್ನಾನ ಮಾಡಿದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಯಂತ್ರವನ್ನು ಅಮ್ಮನ ಮೇಜಿನ ಮೇಲೆ ಇಟ್ಟಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಿ, ಅಂತ ಕಣ್ಣಲ್ಲೇ ಹೇಳಿದೆ.

ಇವರು ನನ್ನನ್ನು ನೋಡಿ ಕೆಮ್ಮಿದರು. "ಅತ್ತೆಗೆ ಹೇಳು. ಮತ್ತೆ ಓದಬಹುದು."

"ಬೇಡ ಅಂತ ಹೇಳೇ ಅಳಿಯಂದಿರಿಗೆ" ಅಂದಳು ಅಮ್ಮ. "ಯಂತ್ರ ಹೊಸದು ಮಾಡಿದ್ರೆ ನನ್ನ ಎದೆ ಹೊಸದಾಗುತ್ತಾ? ಸುಮ್ಮನೆ ಅವರ ಶ್ರಮ ಹಾಳು."

ಅಲ್ಲಿ ಹೇಳಬೇಕಿತ್ತು. ಬಾಯಿಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಆದರೆ ಹೊರಗೆ ಬಂದದ್ದು ಬೇರೆ.

"ಇದು ಹಾಗಲ್ಲ. ಇದು... ಉಸಿರನ್ನ ಸೋಸುತ್ತೆ. ಮಾತು ಮಾತ್ರ ಒಳಗೆ ಬಿಡುತ್ತೆ."

ಅಮ್ಮನ ಮುಖ ಹೂವಾಯಿತು. "ಹೌದಾ?" ಅಂತ ನನ್ನನ್ನಲ್ಲ, ಇವರನ್ನೇ ಕೇಳಿದಳು. "ನನಗೋಸ್ಕರ ಅಷ್ಟು ಮಾಡಿದ್ರಾ?"

ಇವರು ಹೂಂ ಅಂದರೋ ಉಹೂಂ ಅಂದರೋ ಗೊತ್ತಾಗಲಿಲ್ಲ. ಅಡುಗೆಮನೆಗೆ ಬಂದ ಮೇಲೆ ನಾನು ಸುಮ್ಮನೆ ಬಿಡಲಿಲ್ಲ. "ನಾಚಿಕೆ ಆಗಲ್ವಾ ನಿಮಗೆ?" ಅಂದೆ. "ಆಗ್ತಿದೆ" ಅಂದರು, "ಅದಕ್ಕೇ ಹಾಗಂದೆ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

ಮಧ್ಯಾಹ್ನದ ಬಾಗಿಲು ಮತ್ತೆ ಮುಚ್ಚಿತು. ಬಾಗಿಲು ತಟ್ಟಿದ್ದ ಹುಡುಗಿ ಕೊನೆಗೂ ಒಳಗೆ ಹೋದಳು, ಕಾದಂಬರಿ ಮುಂದೆ ಸಾಗಿತು. ಆದರೆ ಹೊರಗೆ ನಿಂತು ಕೇಳುವ ನನಗೆ ಗೊತ್ತಾಗುತ್ತಿತ್ತು, ಅಮ್ಮ ಮೊದಲಿನಂತೆ ಓದುತ್ತಿರಲಿಲ್ಲ. ಯಂತ್ರ ಸೋಸುತ್ತದೆ ಅಂತ ನಂಬಿದ್ದರೂ, ಅದಕ್ಕೆ ಹೆಚ್ಚು ಕೆಲಸ ಕೊಡಬಾರದು ಅಂತ ತಾನೂ ಉಸಿರು ಬಿಗಿಹಿಡಿದು ಸಹಾಯ ಮಾಡುತ್ತಿದ್ದಳು. ಇವರು ಒಂದು ದಿನ ಆ ರೆಕಾರ್ಡಿಂಗ್ ಹಾಕಿ ಕೇಳಿದರು. ಎಲ್ಲೂ ಸುಯ್ ಇಲ್ಲ. ಸಾಲು ಸಾಲಿನ ನಡುವೆ ಎಲ್ಲೂ ಉಸಿರೂ ಇಲ್ಲ. ಕೇಳುತ್ತಾ ಕೇಳುತ್ತಾ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋದರು.

ಕಾದಂಬರಿ ಮುಗಿಸಿ ಕಳಿಸಿದ ಮೇಲೆ ಪುಸ್ತಕಾಲಯದ ಮೇಡಂ ಫೋನ್ ಮಾಡಿದರು. ಅಮ್ಮ ಫೋನನ್ನು ದೂರವೇ ಹಿಡಿದಿದ್ದರಿಂದ ನಮಗೂ ಕೇಳಿಸುತ್ತಿತ್ತು. ಇವರು ಶೂ ಬಿಚ್ಚುತ್ತಾ ಅಲ್ಲೇ ಕೂತಿದ್ದರು.

"ಎಷ್ಟು ಶುದ್ಧವಾಗಿ ಬಂದಿದೆ ಅಮ್ಮಾ! ಉಸಿರಿನ ಸದ್ದು ಕೂಡ ಇಲ್ಲ."

"ಅದು ನಮ್ಮ ಅಳಿಯಂದಿರ ಯಂತ್ರ" ಅಂದಳು ಅಮ್ಮ. ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ನನ್ನ ಉಸಿರಿನ ತೊಂದರೆ ನೋಡಿ ನನಗೋಸ್ಕರವೇ ಮಾಡಿದ್ದು. ಉಸಿರನ್ನ ಸೋಸಿಬಿಡುತ್ತೆ."

ಮೇಡಂ ಹೇಳಿದರು: "ಹಾಗಾದ್ರೆ ನನಗೂ ಎರಡು ಬೇಕಲ್ಲ. ಇಬ್ಬರು ಹಳೇ ಓದುಗರನ್ನ ನಾನೇ ನಿಲ್ಲಿಸಿಬಿಟ್ಟಿದ್ದೆ, ಉಬ್ಬಸದವರು. ಉಸಿರು ಕೇಳುತ್ತೆ ಅಂತ. ಅಳಿಯಂದಿರಿಗೆ ಹೇಳಿ, ಅವರಿಬ್ಬರಿಗೂ ಇವತ್ತೇ ಫೋನ್ ಮಾಡಿ ತಿಳಿಸ್ತೀನಿ."

ಫೋನ್ ಇಟ್ಟು ಅಮ್ಮ ನೇರವಾಗಿ ಇವರ ಕಡೆ ತಿರುಗಿದಳು. "ಕೇಳಿಸ್ತಾ ಅಳಿಯಂದಿರೇ? ಇನ್ನಿಬ್ಬರು ಓದಬಹುದಂತೆ."

ಇವರ ಒಂದು ಕಾಲಲ್ಲಿ ಶೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಎಲ್ಲೋ ಇಬ್ಬರು ಉಬ್ಬಸದವರು ಸಂತೋಷದಿಂದ ಪುಸ್ತಕ ಕೆಳಗಿಳಿಸಿಕೊಳ್ಳುತ್ತಾರೆ, ಇವರ ಡಬ್ಬಿಯ ಮುಂದೆ ಕೂತು ಓದುತ್ತಾರೆ, ಡಬ್ಬಿ ಅವರ ಉಬ್ಬಸವನ್ನು ಒಂದು ಚೂರೂ ಬಿಡದೆ ಹಿಡಿದು ಕೊಡುತ್ತದೆ. ಎರಡನೇ ಸಲ ಅವಮಾನ. ಅದು ನನಗೆ ಹೊಳೆದಷ್ಟೇ ಬೇಗ ಇವರಿಗೂ ಹೊಳೆದಿತ್ತು. ನಾನು ಬಾಯಿ ತೆರೆಯಲಿಲ್ಲ. ಅದು ನಾನು ಹೇಳುವ ಮಾತಲ್ಲ.

"ಅತ್ತೆ" ಅಂದರು. ನನ್ನ ಕಡೆ ನೋಡಲಿಲ್ಲ. "ಅದು ಏನನ್ನೂ ಸೋಸಲ್ಲ. ನಾನು ಸುಳ್ಳು ಹೇಳಿದೆ."

ಅಮ್ಮನಿಗೆ ಅರ್ಥವಾಗಲಿಲ್ಲ. ನಗುತ್ತಲೇ ಇದ್ದಳು. "ಮತ್ತೆ ನನ್ನ ಉಸಿರು?"

"ನಿಮ್ಮ ಉಸಿರಿನಲ್ಲಿ ಏನೂ ಇರಲಿಲ್ಲ. ಸುಯ್ ಅಂತಿದ್ದದ್ದು ನನ್ನ ಯಂತ್ರ. ಮೊದಲಿಂದಲೂ ಅದೇ. ನಾನು ತಪ್ಪು ಲೆಕ್ಕ ಹಾಕಿದ್ದೆ. ನೀವು ಮನೆಯಲ್ಲಿ ಇಲ್ಲದಾಗಲೂ ಅದು ಹಾಗೇ ಕೂಗ್ತಿತ್ತು, ಇವಳು ಕೇಳಿದ್ಲು. ಗೊತ್ತಾದ ಮೇಲೂ ನಿಮ್ಮ ಮುಂದೆ ಹೇಳೋಕೆ ನನಗೆ ಮುಖ ಇರಲಿಲ್ಲ."

ಅಷ್ಟು ಉದ್ದದ ಮಾತನ್ನು ಇವರು ಅಮ್ಮನಿಗೆ ನೇರವಾಗಿ ಹೇಳಿದ್ದು ಅದೇ ಮೊದಲು. ಅಮ್ಮ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಗಂಡ ಹೆಂಡತಿ ಇಬ್ಬರೂ ಸೇರಿ ಬಚ್ಚಿಟ್ಟದ್ದು ಅಂತ ಅವಳಿಗೆ ಗೊತ್ತಾಯಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಅವಳು ಕೂಗಾಡಲಿಲ್ಲ. ಫೋನನ್ನು ಎತ್ತಿ ಇವರ ಕಡೆ ಚಾಚಿದಳು. "ಮೊದಲು ಆ ಮೇಡಂಗೆ ಹೇಳಿ. ಅವರು ಆ ಇಬ್ಬರಿಗೆ ಹೇಳೋಕೆ ಮುಂಚೆ."

ಇವರು ಒಂದೇ ಶೂ ಹಾಕಿಕೊಂಡು ನಿಂತು ಮಾತಾಡಿದರು. ಉಸಿರು ಸೋಸುವ ಯಂತ್ರ ಇಲ್ಲ ಮೇಡಂ, ಅದು ನಾನು ಕಟ್ಟಿದ ಕಥೆ. ನಮ್ಮ ಅತ್ತೆಗೆ ಯಾವ ತೊಂದರೆಯೂ ಇಲ್ಲ, ತೊಂದರೆ ನನ್ನ ಯಂತ್ರದಲ್ಲಿ ಇತ್ತು, ದೂರು ಅವರ ಮೇಲೆ ಹಾಕಿದೆ. ಆ ಕಡೆಯಿಂದ ಏನೋ ಕೇಳಿದರು, ಇವರು, ಹೌದು, ಹೌದು, ಅಂದರು. ಮತ್ತೆ ಏನೋ ಕೇಳಿದರು. ಇವರು ಬೆವರು ಒರೆಸಿಕೊಂಡು, ಆ ಇಬ್ಬರ ಮನೆಗೂ ನಾನೇ ಬಂದು ಕೇಳ್ತೀನಿ, ಅವರನ್ನ ಹೊರಗೆ ಕೂರಿಸಿ ಮೊದಲು ಅವರ ಯಂತ್ರ ಕೇಳ್ತೀನಿ, ಅವರದ್ದೂ ಉಸಿರಿನ ತಪ್ಪೇ ಅಲ್ಲದೆ ಇರಬಹುದು, ಅಂದರು. ಫೋನ್ ಕೆಳಗಿಟ್ಟರು.

ಮುಗಿಯಿತು ಅಂದುಕೊಂಡೆ. ಇವರೂ ಹಾಗೇ ಅಂದುಕೊಂಡರೇನೋ, ಕುರ್ಚಿಯಲ್ಲಿ ಕುಸಿದು ಕೂತರು. ನಾನು ಕಾಫಿ ತರಲು ತಿರುಗಿದೆ.

"ನಿಮಗೆ ಗೊತ್ತಿಲ್ಲ" ಅಂದಳು ಅಮ್ಮ ಹಿಂದಿನಿಂದ. ಕೋಪದ ದನಿಯೂ ಅಲ್ಲ. ಎಕ್ಸ್‌ಚೇಂಜಿನಲ್ಲಿ, ನೀವು ಕೇಳಿದ ನಂಬರ್ ಸಿಗುತ್ತಿಲ್ಲ, ಅನ್ನುವಾಗ ಇದ್ದಿರಬಹುದಾದ ದನಿ. "ಇವಳಿಗೂ ಹೇಳಿಲ್ಲ. ಓದು ಬಿಟ್ಟ ಮೇಲೆ ಒಬ್ಬಳೇ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಎದೆ ಫೋಟೋ ತೆಗೆಸಿದ್ರು, ಕೊಳವೆ ಊದಿಸಿದ್ರು. ಏನೂ ಇಲ್ಲಮ್ಮ, ಆರಾಮಾಗಿ ಉಸಿರಾಡಿ, ಅಂದ್ರು. ಇನ್ನೊಬ್ಬ ಡಾಕ್ಟರ ಹತ್ರ ಹೋದೆ. ಅವರೂ ಅದನ್ನೇ ಅಂದ್ರು."

ಇವರು ತಲೆ ಎತ್ತಿ ನೋಡಿದರು.

"ನಾನು ಅವರಿಬ್ಬರನ್ನೂ ನಂಬಲಿಲ್ಲ ಅಳಿಯಂದಿರೇ. ನಿಮ್ಮ ಕಿವಿಗೆ ಕೇಳಿದೆ ಅಂದ ಮೇಲೆ ಇರಲೇಬೇಕು ಅಂದುಕೊಂಡೆ."

ಅಷ್ಟು ಹೇಳಿ ಅವಳು ತನ್ನ ಕೋಣೆಗೆ ಹೋದಳು. ಇವರು ಇನ್ನೊಂದು ಶೂ ಬಿಚ್ಚುವುದನ್ನೂ ಮರೆತು ಅಲ್ಲೇ ಕೂತಿದ್ದರು. ನಾನು ಕಾಫಿ ತಂದು ಪಕ್ಕದಲ್ಲಿಟ್ಟೆ.